ಅತ್ತೆಯ ಗೋಧಿ ಉಪವಾಸ

ನಮ್ಮತ್ತೆ ಉಪವಾಸ ಮಾಡೀ ಮಾಡೀ ಸೊರಗಿ ಹೋದರು ಎಂದು ಕಮ್ಮರಡಿಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ಸೊರಗಿದ್ದು ಉಪವಾಸದ ದಿನ ತಿಂದಿದ್ದರಿಂದ! ಈ ಮಾತನ್ನು ನಾನು ಅವರೆದುರಿಗೇ ಹೇಳಿ ಬೈಸಿಕೊಂಡಿದ್ದೇನೆ. ಹಾಗಾಗಿ ನಿಮ್ಮೆದುರು ಹೇಳಲು ಹೆದರಿಕೆಯಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅವರ ವಾರಕ್ಕೂ ಏಳೇ ದಿನ, ಆದರೆ ಊಟದ ದಿನಗಳು ನಾಲ್ಕು. ಸೋಮವಾರ ಮಾವನ ಆಯುಸ್ಸಿಗೆ, ಗುರುವಾರ ಮನೆಯ ನೆಮ್ಮದಿಗೆ, ಶನಿವಾರ ಶನಿಮಹಾತ್ಮ ನಮ್ಮ ಮನೆ ಕಡೆ ತಿರುಗಿ ನೋಡದಿರಲಿ ಎಂದು. ಮಧ್ಯೆ ಮಧ್ಯೆ ಏಕಾದಶಿ, ಸಂಕಷ್ಟಿ ಬಂದು ಸೇರಿಕೊಳ್ಳುತ್ತಿದ್ದವು. ಏಕಾದಶಿಯಂತೂ ಮನೆತನದ ಮಕ್ಕಳಿಗೆಲ್ಲ ಒಳ್ಳೆಯದಾಗಲೆಂದು ಮದುವೆಗೂ ಮುಂಚೆಯೇ ಹಿಡಿದದ್ದು, ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಮಾವ ಒಂದು ಸಲ, ನನಗೆ ಆಯುಸ್ಸು ಬೇಕಾದಷ್ಟಾಯಿತು, ಒಂದು ಸೋಮವಾರವಾದರೂ ಕೂತು ಉಣ್ಣು ಎಂದರು. ಇಂಥ ಅಪಶಕುನದ ಮಾತಿಗೆ ಪ್ರಾಯಶ್ಚಿತ್ತವಾಗಲೆಂದು ಅತ್ತೆ ಮಂಗಳವಾರವನ್ನೂ ಸೇರಿಸಿಕೊಂಡರು. ಊಟದ ದಿನ ಮೂರಕ್ಕಿಳಿಯಿತು. ಮಾವ ಆಮೇಲೆ ಬಹಳ ವರ್ಷ ಆ ವಿಷಯಕ್ಕೆ ಬಾಯಿ ಹಾಕಿದ್ದಿಲ್ಲ.

ಉಪವಾಸ ಎಂದರೆ ಹೊಟ್ಟೆಗಿಲ್ಲದೆ ಒದ್ದಾಡುವುದು ಎಂದುಕೊಂಡಿರಾ? ಅತ್ತೆಯ ಮನೆಯಲ್ಲಿ ಅದಕ್ಕಿರುವ ಅರ್ಥ ಅಕ್ಕಿ ಮುಟ್ಟಬಾರದು ಎಂದಷ್ಟೇ. ಉಳಿದಂತೆ ಫಲಾಹಾರ ಮಾಡಬಹುದು. ಫಲಾಹಾರದಲ್ಲಿ ಫಲ ಅಂತ ಇರುತ್ತಿದ್ದದ್ದು ಒಂದು ಬಾಳೆಹಣ್ಣು. ಮಿಕ್ಕಿದ್ದೆಲ್ಲ ಗೋಧಿ! ಬೆಳಿಗ್ಗೆ ರವೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ರಾತ್ರಿ ಗೋಧಿ ದೋಸೆ, ಬಾಯಿಚಪಲಕ್ಕೆ ಗೋಧಿ ಕಡಿಯ ಪಾಯಸ. ಬೇರೆ ಮನೆಗಳಲ್ಲಿ ಅವಲಕ್ಕಿ ನಡೆಯುತ್ತದೆ ಎಂದು ನಾನು ಒಮ್ಮೆ ವಾದಿಸಿದೆ. ಚಪ್ಪಟೆಯಾದ ಮಾತ್ರಕ್ಕೆ ಅಕ್ಕಿ ಅಕ್ಕಿಯಲ್ಲದೆ ಹೋಗುತ್ತದಾ ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದರು.

ಹೀಗಿರುವಾಗ ಅತ್ತೆಗೆ ಹೊಟ್ಟೆ ಕೆಡತೊಡಗಿತು. ಉಬ್ಬರ, ಭೇದಿ, ಸುಸ್ತು. ರಕ್ತ ಕಡಿಮೆಯಾಗಿ ಮುಖ ಬಿಳಚಿಕೊಂಡಿತು. ಕಾಯಿಲೆ ಹೆಚ್ಚಾದಷ್ಟೂ ಹರಕೆ, ಹರಕೆ ಹೆಚ್ಚಾದಷ್ಟೂ ಉಪವಾಸ, ಉಪವಾಸ ಹೆಚ್ಚಾದಷ್ಟೂ ಗೋಧಿ! ಕೊನೆಗೊಂದು ದಿನ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಕೂತುಬಿಟ್ಟರು. ನನ್ನ ಮನೆ ಕೊಪ್ಪದಲ್ಲೇ ಇರುವುದರಿಂದ ಸುದ್ದಿ ಬಂತು. ನಾನೇ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ.

ರಕ್ತ ಪರೀಕ್ಷೆಯಾಯಿತು, ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡಿದ್ದೂ ಆಯಿತು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶವಿದೆ, ನಿಮ್ಮ ಕರುಳಿಗೆ ಅದು ಆಗುವುದಿಲ್ಲ, ಇನ್ನು ಜೀವಮಾನವಿಡೀ ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಕೂಡದು ಎಂದರು ಡಾಕ್ಟರು. ಅಕ್ಕಿ ಉಂಡರೆ ತೊಂದರೆಯಾಗುತ್ತದಾ ಎಂದೂ ಕೇಳಿದರು. ಇಲ್ಲವೆಂದರು ಅತ್ತೆ. ಹಾಗಾದರೆ ಹೊಟ್ಟೆ ಕೆಡುವುದು ಯಾವಾಗ? ಉಪವಾಸದ ಮಾರನೇ ದಿನ. ಉಪವಾಸದ ದಿನ ಏನು ತಿನ್ನುತ್ತೀರಿ? ಅತ್ತೆ ಉಪ್ಪಿಟ್ಟಿನಿಂದ ಹಿಡಿದು ಪಾಯಸದವರೆಗೆ ಒಪ್ಪಿಸಿದರು. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕೇಬಿಟ್ಟರು. ದೇವರಿಗೋಸ್ಕರ ಮಾಡಿದ್ದನ್ನು ಕೇಳಿ ನಗುವ ಮನುಷ್ಯನ ಔಷಧಿ ನಾಟುವುದಿಲ್ಲವೆಂದು ಅತ್ತೆ ಆಗುಂಬೆ ಹತ್ತುವವರೆಗೂ ಗೊಣಗಿದರು.

ಆದರೆ ಗೋಧಿ ಬಿಟ್ಟರು. ಡಬ್ಬಗಳೆಲ್ಲ ಖಾಲಿಯಾದವು. ಚಪಾತಿ ಬೇಯಿಸಿದ ಕಾವಲಿಯೂ ಅಟ್ಟ ಸೇರಿತು. ಹಿಟ್ಟಿನ ಗಿರಣಿಯಲ್ಲಿ ಬೇರೆಯವರ ಗೋಧಿ ಬೀಳುವ ಮೊದಲು ತನ್ನ ಅಕ್ಕಿ ಬೀಳಬೇಕೆಂದು ಬೆಳಿಗ್ಗೆ ಏಳಕ್ಕೇ ಹೋಗಿ ಬಾಗಿಲಲ್ಲಿ ಕೂರತೊಡಗಿದರು. ಗಿರಣಿಯವನಿಗೆ ಅವರನ್ನು ಕಂಡೇ ನಿದ್ದೆ ಬಿಡುವಂತಾಯಿತು. ಇಷ್ಟಾದರೂ ಹೊಟ್ಟೆ ಮಾತ್ರ ಸರಿಯಾಗಲಿಲ್ಲ. ಏನು ಕಾರಣವಿರಬಹುದೆಂದು ಹುಡುಕುತ್ತ ನಾನು ಅಡುಗೆಮನೆಯ ಒಂದೊಂದೇ ಡಬ್ಬದ ಅಕ್ಷರ ಓದಿದೆ. ಸಿಕ್ಕಿತು! ಇಂಗಿನ ಡಬ್ಬಿಯ ಬೆನ್ನ ಮೇಲೆ, ಇರುವೆ ಕಾಲಿನಷ್ಟು ಸಣ್ಣಕ್ಷರದಲ್ಲಿ, ಗೋಧಿ ಹಿಟ್ಟು ಎಂದಿತ್ತು. ಸಾರಿಗೆ ಇಂಗು, ಮಜ್ಜಿಗೆಗೆ ಇಂಗು, ಉಪ್ಪಿನಕಾಯಿಗೆ ಇಂಗು. ಹೊಟ್ಟೆ ಸರಿಯಿಲ್ಲವೆಂದು ಬಿಸಿನೀರಿಗೂ ಇಂಗು!

ಅಂದಿನಿಂದ ಅತ್ತೆಯ ಚೀಲದಲ್ಲಿ ಭೂತಗನ್ನಡಿ ಸೇರಿತು. ಅಂಗಡಿಯಲ್ಲಿ ಪೊಟ್ಟಣ ಪೊಟ್ಟಣವನ್ನೂ ಓದಿಯೇ ಕೊಳ್ಳುವುದು. ಶೃಂಗೇರಿಯಲ್ಲೊಂದು ಮದುವೆಗೆ ಹೋದಾಗ ನೆಟ್ಟಗೆ ಅಡುಗೆಯವರ ಹತ್ತಿರ ಹೋಗಿ, ಸಾರಿಗೆ ಹಾಕಿದ ಇಂಗಿನ ಡಬ್ಬಿ ತೋರಿಸಿ ಎಂದರು. ಇಷ್ಟು ವರ್ಷದ ಅಡುಗೆಯಲ್ಲಿ ಇಂಗಿನ ಕುಲ ಗೋತ್ರ ಕೇಳಿದವರು ನೀವೊಬ್ಬರೇ ಎಂದು ಅವರು ಕೈಮುಗಿದರು. ಇನ್ನೊಂದು ಸಲ ನಾನು ದೊಡ್ಡ ಉಪಕಾರ ಮಾಡುವವಳಂತೆ ಗ್ಲುಟೆನ್ ಇಲ್ಲದ ಬಿಸ್ಕತ್ತು ತರಿಸಿಕೊಟ್ಟೆ. ಅತ್ತೆ ಓದಿ ನೋಡಿದರು. ಅಕ್ಕಿ ಹಿಟ್ಟು, ಬೆಲ್ಲ, ತೆಂಗಿನಕಾಯಿ. ಕಡುಬು, ನೀರುದೋಸೆ, ಒತ್ತು ಶಾವಿಗೆ, ಅಕ್ಕಿರೊಟ್ಟಿ ಹುಟ್ಟಿದ ಊರಿಗೆ ಇದನ್ನು ಪ್ಯಾಕೆಟ್ಟಿನಲ್ಲಿ ತರಿಸಿದವಳು ನೀನೇ ಮೊದಲು ಎಂದು ನನಗೇ ವಾಪಸು ಕೊಟ್ಟರು.

ನಗು ಇರಲಿ, ನಿಜವಾದ ತೊಂದರೆ ಬೇರೆಯೇ ಇತ್ತು. ಊಟದ ದಿನ ಅತ್ತೆ ಸರಿಯಾದರು. ಉಪವಾಸದ ದಿನ? ಗೋಧಿ ಡಾಕ್ಟರು ಬಿಡಿಸಿದ್ದರು, ಅಕ್ಕಿಯನ್ನು ದೇವರಿಗೆ ಬಿಟ್ಟಾಗಿತ್ತು. ರಾಗಿ ತಿನ್ನಿ ಎಂದರೆ, ಅವರ ಅತ್ತೆ, ಅಂದರೆ ಮಾವನ ತಾಯಿ, ರಾಗಿಯನ್ನು ವ್ರತದ ಪಟ್ಟಿಗೆ ಸೇರಿಸಿರಲಿಲ್ಲವಂತೆ. ಆ ಅತ್ತೆ ತೀರಿಕೊಂಡು ಬಹಳ ವರ್ಷವಾದ್ದರಿಂದ ಪಟ್ಟಿಗೆ ತಿದ್ದುಪಡಿ ಮಾಡುವವರೂ ಇರಲಿಲ್ಲ. ಹೀಗಾಗಿ ವಾರದಲ್ಲಿ ನಾಲ್ಕು ದಿನ ಬರೀ ಹಾಲು, ಬಾಳೆಹಣ್ಣು. ಸುಳ್ಳು ಉಪವಾಸ ಹೋಗಿ ನಿಜವಾದ ಉಪವಾಸ ಶುರುವಾಗಿತ್ತು! ಉಪವಾಸದ ದಿನವೂ ಅನ್ನ ಉಣ್ಣದಿದ್ದರೆ ರಕ್ತ ಏರುವುದಿಲ್ಲ, ಮತ್ತೆ ಎಲ್ಲಾದರೂ ಬೀಳುತ್ತೀರಿ ಎಂದು ಡಾಕ್ಟರು ಫೋನಿನಲ್ಲೇ ಗದರಿದರು. ಮಾವ ಬೇಡಿಕೊಂಡರು. ನಾನು ಜಗಳವನ್ನೇ ಆಡಿದೆ. ಅತ್ತೆ ಜಗ್ಗಲಿಲ್ಲ. ಸೀರೆಯ ನೆರಿಗೆ ಮಾತ್ರ ತಿಂಗಳಿಗೊಂದು ಹೆಚ್ಚಾಗುತ್ತಿತ್ತು. ನನಗೆ ನಿಜಕ್ಕೂ ಭಯವಾಗಿತ್ತು.

ಇದರ ಮಧ್ಯೆ ಅತ್ತೆಗೆ ಬ್ರೆಡ್ಡು ಮಾಡುವ ಹುಚ್ಚು ಹಿಡಿಯಿತು. ಬ್ರೆಡ್ಡನ್ನು ಜ್ವರ ಬಂದವರ ತಿಂಡಿ ಎಂದು ಜೀವಮಾನವಿಡೀ ಮೂಗು ಮುರಿದವರು! ನನ್ನ ಮನೆಯಲ್ಲಿ ಒಂದು ಓವನ್ ಇದೆ; ಅದರಲ್ಲಿ ನಾನು ಹಪ್ಪಳದ ಡಬ್ಬ ಇಡುತ್ತಿದ್ದೆ. ಪ್ರತಿ ಬುಧವಾರ ಅತ್ತೆ ಬೆಳಗಿನ ಬಸ್ಸಿಗೆ ಬಂದು, ಡಬ್ಬ ಹೊರಗೆಳೆದು, ಚೀಲದಿಂದ ಅಕ್ಕಿ ಹಿಟ್ಟು, ಬಾಳೆಕಾಯಿ ಹಿಟ್ಟು, ಹಲಸಿನ ಬೀಜದ ಹಿಟ್ಟು ತೆಗೆದು ಸಾಲಾಗಿ ಇಡುತ್ತಿದ್ದರು. ಗೋಧಿಯ ಅಂಟಿಲ್ಲದೆ ಹಿಟ್ಟು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ಅದಕ್ಕೆ ಇಸಬ್‌ಗೋಲ್ ಸೇರಿಸಬೇಕು ಎಂದು ಫೋನಿನಲ್ಲಿ ನೋಡಿ ಕಲಿತಿದ್ದರು. ವಾರ ವಾರ ಮೆಡಿಕಲ್ ಶಾಪಿನಿಂದ ದೊಡ್ಡ ಪೊಟ್ಟಣ ಬರತೊಡಗಿತು. ಒಂದು ದಿನ ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದು, ಮಲಬದ್ಧತೆ ಮನೆಯಲ್ಲಿ ಎಲ್ಲರಿಗೂ ಇದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು.

ಮೊದಲ ಬ್ರೆಡ್ಡು ಮೇಲೆ ಬೇಸಿಗೆಯ ಗದ್ದೆಯಂತೆ ಬಿರಿದು, ಒಳಗೆ ಹಸಿಹಿಟ್ಟಾಗಿತ್ತು. ಎರಡನೆಯದಕ್ಕೆ ಚಾಕು ಇಳಿಯದೆ ನನ್ನ ಗಂಡ ಸೌದೆ ಕಡಿಯುವ ಕತ್ತಿ ತಂದರು. ಅತ್ತೆ ಅವರ ಜತೆ ಎರಡು ಬುಧವಾರ ಮಾತಾಡಲಿಲ್ಲ. ಆರನೆಯ ವಾರ ಅತ್ತೆಗೆ ಕಡುಬಿನ ನೆನಪಾಯಿತು. ಅಕ್ಕಿಗೆ ಬೇಕಾದದ್ದು ಬರೀ ಬೆಂಕಿಯಲ್ಲ, ಹಬೆ ಎಂದು ಓವನ್ನಿನ ತಳದಲ್ಲೊಂದು ತಟ್ಟೆ ನೀರಿಟ್ಟರು. ಬ್ರೆಡ್ಡು ಉಬ್ಬಿತು! ಚಾಕುವೂ ಇಳಿಯಿತು. ಅತ್ತೆ ಒಂದು ಹೋಳನ್ನೂ ಬಾಯಿಗಿಡಲಿಲ್ಲ. ನನ್ನ ಮಗಳನ್ನು ಕರೆದು ಅವಳ ಕೈಗೆ ಕೊಟ್ಟರು, ಅವಳು ಚಪ್ಪರಿಸುವುದನ್ನೇ ನೋಡುತ್ತ ಕೂತರು.

ಮಗಳಿಗೆ ಏಳು ವರ್ಷ. ಕ್ಲಾಸಿನ ಫೋಟೋದಲ್ಲಿ ಯಾವಾಗಲೂ ಎಲ್ಲರಿಗಿಂತ ಗಿಡ್ಡ. ಆಗಾಗ ಹೊಟ್ಟೆನೋವು ಎನ್ನುತ್ತಿದ್ದಳು. ಶಾಲೆ ತಪ್ಪಿಸಲು ನೆಪವೆಂದು ನಾನು ಗದರಿ, ಡಬ್ಬಿಗೆ ಚಪಾತಿ ಹಾಕಿ ಕಳಿಸುತ್ತಿದ್ದೆ.

ಅವಳು ಆಡಲು ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕೂರಿಸಿಕೊಂಡರು. "ಆವತ್ತು ನೀನು ಔಷಧಿ ತರಕ್ಕೆ ಹೋದಾಗ ಡಾಕ್ಟರು ಹೇಳಿದ್ರು, ಇದು ರಕ್ತಸಂಬಂಧದಲ್ಲಿ ಬರೋ ಕಾಯಿಲೆ ಅಂತ. ನಿನ್ನನ್ನ ಹೆದರಿಸಕ್ಕೆ ಧೈರ್ಯ ಬರ್ಲಿಲ್ಲ. ಏನೂ ಇಲ್ದೆ ಇರ್ಬಹುದು. ಆದ್ರೂ ಕೂಸಿನ ರಕ್ತ ಒಂದ್ಸಲ ನೋಡ್ಸು ಮಾರಾಯ್ತಿ."

ನೋಡಿಸಿದೆವು. ಅದೇ ಕಾಯಿಲೆ. ಚಪಾತಿ ಹಾಕಿ ಕಳಿಸಿದ ನನ್ನ ಕೈಯನ್ನೇ ನೋಡಿಕೊಂಡು ಅತ್ತುಬಿಟ್ಟೆ. ಅಷ್ಟೂ ಬುಧವಾರ ಅತ್ತೆ ಯಾರಿಗಾಗಿ ಹಿಟ್ಟು ಕಲಸಿದರೆಂದು ಆಗ ತಿಳಿಯಿತು.

ಮಗಳು ಮುನಿಸಿಕೊಂಡಳು. ಎಲ್ಲರೂ ತಿನ್ನುವ ಬನ್ನು ತನಗೆ ಮಾತ್ರ ಯಾಕಿಲ್ಲ ಎಂದು ಎರಡು ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಅತ್ತೆ ಬಂದು ಅಕ್ಕಿ ಹಿಟ್ಟು, ಪುಟ್ಟಬಾಳೆಹಣ್ಣು, ಬೆಲ್ಲ ಹಾಕಿ ಕೇಕು ಮಾಡಿದರು. ಮನೆಯೆಲ್ಲ ಘಮಘಮ. ಮಗಳು ತಟ್ಟೆಯನ್ನು ದೂಡಿದಳು.

"ಇದು ಕಾಯಿಲೆಯವರ ಕೇಕು. ನಂಗೆ ಬೇಡ. ನೀನೂ ತಿನ್ನಲ್ಲ."

"ನಂಗೂ ಅದೇ ಕಾಯಿಲೆ ಕೂಸೇ," ಎಂದರು ಅತ್ತೆ. ಚಕ್ಕಳಮಕ್ಕಳ ಹಾಕಿ ಅವಳ ಪಕ್ಕದಲ್ಲಿ ನೆಲಕ್ಕೆ ಕೂತು ಒಂದು ತುಂಡು ಮುರಿದುಕೊಂಡರು.

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. "ಅತ್ತೆ, ಇವತ್ತು ಏಕಾದಶಿ," ಎಂದೆ ಮೆಲ್ಲಗೆ.

"ಗೊತ್ತು. ಮಕ್ಕಳು ಚೆನ್ನಾಗಿರ್ಲಿ ಅಂತ್ಲೇ ಇಷ್ಟು ವರ್ಷ ಬಿಟ್ಟಿದ್ದು. ಇವತ್ತು ಅದಕ್ಕೇ ತಿಂತೀನಿ."

ತಿಂದರು. ಬೆಲ್ಲ ಸ್ವಲ್ಪ ಕಡಿಮೆಯಾಯಿತೇನೋ ಎಂದು ಮಗಳನ್ನೇ ಕೇಳಿದರು. ಅವಳು ಅನುಮಾನದಿಂದ ಒಂದು ಚೂರು ಬಾಯಿಗಿಟ್ಟು, ಇಲ್ಲ ಸರಿಯಾಗಿದೆ ಎಂದು ಇನ್ನೊಂದಕ್ಕೆ ಕೈಚಾಚಿದಳು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಅತ್ತ ತಿರುಗಿ ನಿಂತು ಕಣ್ಣೊರೆಸಿಕೊಂಡೆ.

ಸ್ವಲ್ಪ ಹೊತ್ತಿಗೆ ಅತ್ತೆ ಹಿಂದಿನಿಂದ ಬಂದು, ಪಾತ್ರೆಯ ಮುಚ್ಚಳ ಸರಿಸಿ ನೋಡಿದರು.

"ಒಂಚೂರು ಅನ್ನ ಇದ್ರೆ ಬಡಿಸು," ಎಂದರು. "ಹಸಿವಾಗ್ತಿದೆ."