ಪುಂಡಿಪಲ್ಲೆ ಬಣ್ಣದ ಫೈಟರ್

ನಾನು ಬಣ್ಣದ ಡಬ್ಬಿ ತೆರೆದೆನೆಂದರೆ ಏನಾದರೊಂದು ಆಗೇ ಆಗುತ್ತದೆ. ಅರ್ಧ ತಾನಾಗಿಯೇ ಆಗುತ್ತದೆ, ಉಳಿದರ್ಧ ಆಗುವಂತೆ ನಾನು ನೋಡಿಕೊಳ್ಳುತ್ತೇನೆ. ಬೆಳಗಾವಿಯಲ್ಲಿ ಇಷ್ಟು ವರ್ಷ ಲಾರಿ, ಟೆಂಪೋ, ಟ್ರ್ಯಾಕ್ಟರ್ ಟ್ರೇಲರಿಗೆ ಬಣ್ಣ ಹೊಡೆದವನ ಕೈಗೆ ಹೋದ ವರ್ಷ ಒಂದು ಫೈಟರ್ ವಿಮಾನ ಸಿಕ್ಕಿತು. ಇದೊಂದನ್ನು ನೀವು ನಂಬಲೇಬೇಕು. ಮುಂದಿನದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಖಾನಾಪುರ ರಸ್ತೆಯ ಒಂದು ಕಾಲೇಜಿನವರು ವಾಯುಸೇನೆಯಿಂದ ನಿವೃತ್ತಿಯಾದ ವಿಮಾನ ತರಿಸಿ ಗೇಟಿನ ಒಳಗೆ ನಿಲ್ಲಿಸಿದ್ದರು. ಬಾಲದೊಳಗಿನ ಎಂಜಿನ್ ಬಿಚ್ಚಿಕೊಂಡೇ ಕಳಿಸಿದ್ದರು. ಮೈಯೆಲ್ಲ ಬಣ್ಣ ಎದ್ದು ಹೋಗಿತ್ತು. ಅದು ಹಾರುತ್ತಿದ್ದ ಕಾಲದ ಬಣ್ಣವನ್ನೇ ಮತ್ತೆ ಹೊಡೆಸಬೇಕು, ಆಗ ಅದನ್ನು ಹಾರಿಸಿದ್ದ ಸಾಹೇಬರಿಂದಲೇ ಉದ್ಘಾಟನೆ ಮಾಡಿಸಬೇಕು ಎಂದು ಕಮಿಟಿಯವರ ಆಸೆ. ಮೊದಲ ಸಲ ಅದರ ಮೂಗಿಗೆ ಕೈ ಹಚ್ಚಿದಾಗ ನನ್ನ ಮೈಮೇಲಿನ ಕೂದಲೆಲ್ಲ ನೆಟ್ಟಗಾದವು. ಲಾರಿಗೆ ಕೈ ಹಚ್ಚಿದರೆ ಗ್ರೀಸು ಹತ್ತುತ್ತದೆ. ಇದಕ್ಕೆ ಹಚ್ಚಿದರೆ ಆಕಾಶವೇ ಹತ್ತಿದಂತಾಯಿತು! ಆ ಖುಷಿಗೆ ಎರಡು ದಿನ ನನಗೆ ಊಟವೇ ಸೇರಲಿಲ್ಲ. (ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ.)

೧. ರೆಕ್ಕಿ ಮ್ಯಾಲಿನ ಫೋಟೋ

ಮೊದಲ ದಿನವೇ ಕಮಿಟಿಯ ಅಧ್ಯಕ್ಷರು ನನ್ನನ್ನು ಬಾಜೂಕ್ಕೆ ಕರೆದರು. ಈ ಅಧ್ಯಕ್ಷರ ಫೋಟೋ ಇಲ್ಲದ ಬ್ಯಾನರ್ ನಮ್ಮ ಭಾಗದಲ್ಲಿ ಇಲ್ಲ. ಯಾರದೇ ಹುಟ್ಟುಹಬ್ಬವಿರಲಿ, ಅವರು ಕೈ ಮುಗಿದುಕೊಂಡು ನಿಂತೇ ಇರುತ್ತಾರೆ.

"ಇಷ್ಟು ದೊಡ್ಡ ರೆಕ್ಕಿ ಅದಾವು," ಎಂದರು ಮೆಲ್ಲಗೆ. "ಸುಮ್ನ ಖಾಲಿ ಯಾಕ ಬಿಡೂದು? ನಂದೊಂದು ಫೋಟೋ ಬರಿ ಅಲಾ."

"ಜರೂರ್ ಬರೀತೇನ್ರಿ," ಎಂದೆ. "ಆದ್ರ ಮ್ಯಾಲ ಬ್ಯಾಡ್ರಿ, ಕಾಗಿ ಹೊಲಸು ಮಾಡ್ತಾವು. ರೆಕ್ಕಿ ಕೆಳಗ ಬರೀತೇನ್ರಿ. ಹಾರೂಮುಂದ ಇಡೀ ಬೆಳಗಾವಿ ತಲಿ ಎತ್ತಿ ನಿಮ್ಮನ್ನ ನೋಡ್ತೈತಿ."

ಅಧ್ಯಕ್ಷರ ಮುಖ ಅರಳಿತು. "ಇದು ನನಗ ಹೊಳೀಲೇ ಇಲ್ಲ ನೋಡು!" ಎಂದು ಬೆನ್ನು ತಟ್ಟಿ ಕಾರು ಹತ್ತಿದರು. ಕಾರು ಗೇಟು ದಾಟಿತು, ನಿಂತಿತು, ಹಿಂದಕ್ಕೆ ಬಂತು. ಗಾಜು ಕೆಳಗಿಳಿಯಿತು.

"ಅಲ್ಲೋ, ಅದಕ್ಕ ಎಂಜಿನ್ನ ಇಲ್ಲಲ್ಲ?"

"ಅದು ನಿಮ್ಮ ಕಮಿಟಿ ವಿಷಯರೀ," ಎಂದೆ. "ನಂದು ಬರೇ ಬಣ್ಣ."

೨. ಡಬ್ಬಿಯೊಳಗಿನ ಬಣ್ಣ

ವಿಮಾನ ಹಾರಿಸಿದ್ದ ಸಾಹೇಬರು ಸದಾಶಿವನಗರದವರು. ಎಂಬತ್ತು ದಾಟಿದೆ, ಕೋಲು ಹಿಡಿದೇ ನಡೆಯುತ್ತಾರೆ. ಆದರೆ ವಿಮಾನದ ಮುಂದೆ ಬಂದು ನಿಂತರೆ ಕೋಲೇ ಅವರ ಆಸರೆಯಲ್ಲಿ ನಿಂತಂತೆ ಕಾಣುತ್ತಿತ್ತು. ಹಳೆಯ ಬಣ್ಣ ಹೇಗಿತ್ತೆಂದು ತೋರಿಸಲು ಒಂದು ಫೋಟೋ ತಂದಿದ್ದರು.

"ಇದು ಹಸರು. ಇದು ಕಂದು," ಎಂದು ಬೆರಳಿಟ್ಟು ತೋರಿಸಿದರು.

ಫೋಟೋ ಕಪ್ಪು-ಬಿಳುಪು.

ನಾನು ನಗಲಿಲ್ಲ. ನಗುವ ಮೊದಲೇ ಅವರು ಮುಂದಿನ ಮಾತು ಹೇಳಿದರು. "ಡಾಕ್ಟರು ಏಣಿ ಹತ್ತಬ್ಯಾಡ ಅಂದಾರ. ಮನಿಯಾಗ ಜಗಳಾ ಮಾಡಿ ಒಂದ ಸರ್ತಿ ಪರವಾನಗಿ ತಗೊಂಡೀನಿ, ಉದ್ಘಾಟನಾ ದಿನ. ಅವತ್ತ ನಮ್ಮ ಕಾಲದ ಬಣ್ಣದಾಗ, ನನ್ನ ಸೀಟಿನ್ಯಾಗ ಒಮ್ಮೆ ಕುಂತು ಇಳದೆ ಅಂದ್ರ ಸಾಕಪಾ."

ಅಂಥವರಿಗೆ ಬಣ್ಣ ತಪ್ಪಬಾರದಲ್ಲ! ಒಂದು ವಾರ ಹಸಿರು ಕಲಸಿದೆ. ಎಲೆ ಹಸಿರು, ಪಾಚಿ ಹಸಿರು, ಬಸ್ಸಿನ ಹಸಿರು. ಸಾಹೇಬರು ದಿನಾ ಬಂದು ಇದಲ್ಲವೆಂದು ತಲೆಯಾಡಿಸಿ ಹೋಗುತ್ತಿದ್ದರು. ಕೊನೆಗೊಂದು ಮಧ್ಯಾಹ್ನ ನಾನು ರೆಕ್ಕೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದೆ. ಸಾಹೇಬರು ಬಂದವರು ಅಲ್ಲೇ ಗಕ್ಕನೆ ನಿಂತರು.

"ಇದ! ಇದ ನೋಡು ನಮ್ಮ ಹಸರು!"

ಡಬ್ಬಿಯಲ್ಲಿ ಇದ್ದದ್ದು ಪುಂಡಿಸೊಪ್ಪಿನ ಪಲ್ಯ, ನಮ್ಮ ಪುಂಡಿಪಲ್ಲೆ.

"ಮತ್ತ ಕಂದು, ಸಾಹೇಬ್ರ?"

ಬಗ್ಗಿ ನೋಡಿದರು. "ಅದರ ಬಾಜೂಕ ಐತಲ್ಲ, ಶೇಂಗಾ ಚಟ್ನಿ!"

ಊಟ ಅಲ್ಲಿಗೇ ಬಿಟ್ಟೆ. ಡಬ್ಬಿ ಸಮೇತ ಬಣ್ಣದ ಅಂಗಡಿಗೆ ಓಡಿದೆ. ಮಾಲೀಕನ ಮುಂದೆ ಡಬ್ಬಿ ತೆರೆದಿಟ್ಟು, "ಇದೇ ಶೇಡ್ ಬೇಕು, ಒಂದು ಎಳೆ ಆಕಡೆ ಈಕಡೆ ಆಗಬಾರದು" ಎಂದೆ. ಆತ ಕನ್ನಡಕ ಏರಿಸಿ ನೋಡಿದ. ಬೆರಳು ಅದ್ದಿದ. ನೆಕ್ಕಿದ.

"ಶೇಡ್ ಕೂಡಸ್ತೇನಿ," ಎಂದ. "ಆದ್ರ ಮನಿಯಾಗ ವೈನಿಯವರಿಗೆ ಹೇಳ್ರಿ, ಉಪ್ಪು ಕಡಿಮಿ ಆಗೇತಿ."

೩. ಕಾಣದ ವಿಮಾನ

ಕಾಲೇಜಿನ ಕಾವಲುಗಾರ ಕಾಕಾ ಬಹಳ ನಿಷ್ಠಾವಂತ. ಅಂಥವರನ್ನು ಕಂಡರೆ ನನ್ನ ನಾಲಿಗೆ ತುರಿಸುತ್ತದೆ.

"ಈ ಹಸರು ಕಂದು ಪಟ್ಟಿ ಯಾಕ ಹೊಡ್ಯಾಕತ್ತೀರಿ?" ಎಂದು ಕೇಳಿದ.

"ಇದು ಮಿಲ್ಟ್ರಿ ಬಣ್ಣ ಕಾಕಾ. ಪೂರಾ ಒಣಗಿತಂದ್ರ ವಿಮಾನ ವೈರಿಗೆ ಕಾಣಂಗಿಲ್ಲ."

"ನಮಗ?"

"ನಮಗೂ ಕಾಣಂಗಿಲ್ಲ."

ಕಾಕಾನ ಮುಖ ಬಿಳಿಚಿಕೊಂಡಿತು. ಪಾಪ, ಕಳುವಾದರೆ ಅವನ ತಲೆಗೇ ಬರುವುದಲ್ಲ! ಮರುದಿನ ಮುಂಜಾನೆ ಬಂದು ನೋಡಿದರೆ ವಿಮಾನದ ಮುಂದಿನ ಗಾಲಿಗೆ ಎಮ್ಮೆ ಕಟ್ಟುವ ಹಗ್ಗ. ಇನ್ನೊಂದು ತುದಿ ಕಾಕಾನ ಕುರ್ಚಿಗೆ.

"ಇದೇನು ಕಾಕಾ?"

"ವಿಮಾನ ಕಾಣದಿದ್ರ ಏನಾತು," ಎಂದ ಕಾಕಾ, ಹಗ್ಗ ಜಗ್ಗಿ ಗಟ್ಟಿಯಿದೆಯೇ ಎಂದು ನೋಡುತ್ತ. "ಹಗ್ಗ ಕಾಣ್ತೈತಲ್ಲ!"

೪. ರವಿವಾರದ ಸವಾರಿ

ಹೆಂಡತಿಯ ತವರು ಖಾನಾಪುರ ತಾಲೂಕಿನ ಹಲಸಿ ಕಡೆಯ ಹಳ್ಳಿ. ಉದ್ಘಾಟನೆಗೆ ಮುಂಚೆ ಅಲ್ಲಿಗೆ ಹೋಗಿದ್ದೆವು. ನನ್ನ ಮಾವ ನನ್ನನ್ನು ಊರವರಿಗೆ ಪರಿಚಯಿಸುವ ರೀತಿ ಇಂದಿಗೂ ಒಂದೇ: "ಇಂವ ನಮ್ಮ ಅಳಿಯಾ. ಲಾರಿ ಹಿಂದ ಹೂವಾ ಬರೀತಾನ."

ಅವತ್ತು ತಡೆಯಲಾಗಲಿಲ್ಲ. "ಈಗ ಲಾರಿ ಅಲ್ರಿ ಮಾವಾ, ಫೈಟರ್ ವಿಮಾನ! ರವಿವಾರ ಉದ್ಘಾಟನಾ. ಬಣ್ಣ ಗಟ್ಟಿ ಕುಂತೈತೋ ಇಲ್ಲೋ ನೋಡಾಕ ಕಣಕುಂಬಿತನಕ ಒಂದು ರೌಂಡ್ ಹೊಡಸ್ತಾರ."

ಮಾವ ಎಲೆ-ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಮನಿ ಮಂದಿಗೆ ಬಿಡ್ತಾರೇನು?"

"ಮೊದಲು ಬಂದವರಿಗೆ ಮೊದಲ ಸೀಟು," ಎಂದೆ. ಹೇಳಿದೆ, ನಕ್ಕೆ, ಮರೆತೆ.

ರವಿವಾರ ಮೈದಾನ ತುಂಬಿತ್ತು. ವಿಮಾನ ಬಿಸಿಲಿಗೆ ಪುಂಡಿಪಲ್ಲೆಯಂತೆ ಮಿರಿಮಿರಿ ಮಿಂಚುತ್ತಿತ್ತು. ಅದನ್ನು ನೋಡಿ ಸಾಹೇಬರು ಕೋಲನ್ನು ಬಗಲಿಗೆ ಸಿಕ್ಕಿಸಿದರು. ನನ್ನ ಕೈ ಹಿಡಿದು ಹಾಗೇ ನಿಂತರು. ಪ್ರಮಾಣ ಮಾಡಿ ಹೇಳುತ್ತೇನೆ, ಈ ಒಂದು ಮಾತಿಗೆ ಉಪ್ಪುಖಾರ ಹಚ್ಚಿಲ್ಲ.

ಆಮೇಲೆ ಏಣಿ. ಕೆಳಗೆ ಇಬ್ಬರು ಹಿಡಿದಿದ್ದರು, ಹಿಂದೆ ನಾನು. ಒಂದೊಂದೇ ಮೆಟ್ಟಿಲು ಏರುವಾಗ ಇಡೀ ಮೈದಾನ ಉಸಿರು ಹಿಡಿದಿತ್ತು. ಮೇಲೆ ಹೋದ ಸಾಹೇಬರು ಒಳಗೆ ನೋಡಿ ನಿಂತುಬಿಟ್ಟರು. ಅಧ್ಯಕ್ಷರು ಮೈಕಿನಲ್ಲಿ ಗದ್ಗದಿತರಾಗಿ, "ಸಾಹೇಬರಿಗೆ ಹಳೇ ನೆನಪು ಉಕ್ಕಿ ಬಂದಾವು" ಎಂದರು. ನನ್ನ ಕಣ್ಣೂ ಒದ್ದೆಯಾದವು.

ಸಾಹೇಬರು ನನ್ನ ಕಡೆ ತಿರುಗಿದರು. "ಸೀಟಿನ ಮ್ಯಾಲ ಯಾರೋ ಟವೆಲ್ ಹಾಕ್ಯಾರಲ್ಲೋ?"

ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದವನದೇ ಸೀಟು. ಅದರ ಮೇಲೆ ಯಾವ ಕೋರ್ಟಿನಲ್ಲೂ ಅಪೀಲಿಲ್ಲ. ಮತ್ತೆ ಆ ಕೆಂಪು ಅಂಚಿನ ಟವೆಲ್ಲು ಯಾರ ಹೆಗಲ ಮೇಲಿನದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಅದು ನಂದ್ರೀ!" ಜನರ ನಡುವಿನಿಂದ ಮಾವ ಎದ್ದು ನಿಂತರು. "ಮೊದಲನೇ ಬಸ್ಸಿಗೆ ಬಂದು ಹಿಡದೀನಿ. ಬೇಕಾದ್ರ ನಿಮ್ಮ ಹಿಂದ ನಿಂತಾನಲ್ಲ ನಮ್ಮ ಅಳಿಯಾ, ಅವನ್ನ ಕೇಳ್ರಿ!"

ಎಲ್ಲರೂ ನನ್ನ ಕಡೆ ನೋಡಿದರು. ಅಧ್ಯಕ್ಷರು ನೋಡಿದ ರೀತಿಯನ್ನು ಬರೆಯುವ ಹಾಗಿಲ್ಲ. ಜಗಳಾಡಿ ಪಡೆದ ಒಂದೇ ಪರವಾನಗಿ, ಮುದುಕರ ಕಾಲು ಏಣಿಯ ಮೇಲೆ ನಡುಗುತ್ತಿದೆ, ಮಾವನೋ ಹಟಕ್ಕೆ ಬಿದ್ದರೆ ಎಮ್ಮೆಯಂತೆ. ನನ್ನ ಬಾಯಿಂದ ಜೀವನದಲ್ಲಿ ಮೊದಲ ಸಲ ಒಂದೂ ಸುಳ್ಳು ಹೊರಡಲಿಲ್ಲ.

ಸಾಹೇಬರು ಟವೆಲ್ ಎತ್ತಿ, ನೀಟಾಗಿ ಮಡಚಿ, ತಮ್ಮ ಹೆಗಲಿಗೆ ಹಾಕಿಕೊಂಡರು. "ಯಜಮಾನ್ರ, ನಾ ಪ್ಯಾಸೆಂಜರ್ ಅಲ್ರಿ. ಈ ಗಾಡಿ ಡ್ರೈವರ್ ಅದೇನಿ."

"ಡ್ರೈವರ್ ಏನ್ರಿ?" ಮಾವ ನಾಲಿಗೆ ಕಚ್ಚಿಕೊಂಡು ಎರಡೂ ಕೈ ಜೋಡಿಸಿದರು. "ತಪ್ಪಾತ್ರಿ, ಗೊತ್ತಾಗಲಿಲ್ಲ. ಕುಂದರ್ರಿ, ಕುಂದರ್ರಿ!"

ಸಾಹೇಬರು ಕೂತರು. ಮುಂದಿದ್ದ ವಿಮಾನ ತಿರುಗಿಸುವ ಕೋಲಿಗೆ ಕೈ ಹಾಕಿದರು. ಆ ಮುಖದಲ್ಲಿ ಇಪ್ಪತ್ತೈದರ ಹುಡುಗ ಹಣಿಕಿ ಹಾಕಿದ. ಮೈದಾನವೆಲ್ಲ ಸಿಳ್ಳೆ, ಚಪ್ಪಾಳೆ! ಆ ಗದ್ದಲ ಇಳಿದ ಮೇಲೆ ಸಾಹೇಬರು ಕೆಳಗೆ ಬಗ್ಗಿ ಕೂಗಿದರು, "ಮತ್ತ ನೀವು ಎಲ್ಲಿ ಕುಂದ್ರೂದ್ರಿ ಯಜಮಾನ್ರ? ಇಲ್ಲಿ ಒಂದ ಸೀಟು ಐತಿ."

ಮಾವ ಆಗಲೇ ಚೀಲ ಬಗಲಿಗಿಟ್ಟುಕೊಂಡು, ಧೋತರದ ಚುಂಗು ಎತ್ತಿ ಕಟ್ಟಿ, ಬಾಲದ ಕಡೆ ಹೊರಟಿದ್ದರು.

"ನನ್ನ ಚಿಂತಿ ಬಿಡ್ರಿ, ನೀವು ಗಾಡಿ ಚಾಲೂ ಮಾಡ್ರಿ. ನಾ ಹಿಂದ ಕುಂದರ್ತೀನಿ. ಮುಂಜಾನೇನ ಬಗ್ಗಿ ನೋಡೀನಿ, ಒಳಗ ಪೂರಾ ಖಾಲಿ ಐತಿ!"