ಆಮೆ ದಾಟಿಸುವ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಆಮೆಗಳಿಗೆ ಕೊಡುವ ಮರ್ಯಾದೆಯಲ್ಲಿ ಕಾಲು ಭಾಗವನ್ನು ಮನುಷ್ಯರಿಗೆ ಕೊಟ್ಟಿದ್ದರೂ ಸಾಕಿತ್ತು, ಇಷ್ಟು ಹೊತ್ತಿಗೆ ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕಿನ ಕನ್ನಡಿಗರೆಲ್ಲ ಸೇರಿ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಸನ್ಮಾನ ಮಾಡಿಬಿಡುತ್ತಿದ್ದರು. ಏನು ಮಾಡುವುದು? ಎಪ್ಪತ್ತೆಂಟರ ಈ ಮನುಷ್ಯ ನನ್ನನ್ನು "ಏನೇ" ಎನ್ನುತ್ತಾರೆ. ಯುಗಾದಿ ಊಟಕ್ಕೆ ಕರೆಯಲು ಬಂದ ಕನ್ನಡ ಸಂಘದ ಅಧ್ಯಕ್ಷರನ್ನು "ಏನಯ್ಯಾ" ಎನ್ನುತ್ತಾರೆ. ರಸ್ತೆ ದಾಟುವ ಆಮೆಗೆ ಮಾತ್ರ, "ಬನ್ನಿ, ನಿಧಾನ, ಅವಸರ ಏನಿಲ್ಲ!"

ಕೇಳಿದರೆ ಉತ್ತರ ಸಿದ್ಧ. "ಅವರಿಗೆ ವಯಸ್ಸಾಗಿದೆ ಕಣೇ. ನಾನು ಈ ದೇಶಕ್ಕೆ ಬರೋಕೆ ಮುಂಚೆಯಿಂದ ಇಲ್ಲಿದಾರೆ. ಒಂದು ದಿನ ಗ್ರೀನ್ ಕಾರ್ಡ್ ಕೇಳಿದಾರಾ?"

ನಲವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟ ವೈದ್ಯರು ಅವರು. ನಿವೃತ್ತರಾದ ಮೇಲೂ ಕಸುಬು ಬಿಟ್ಟಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಆಮೆಯ ಬಿಲದ ಒಳರಚನೆ ವಿವರಿಸಲು ಶುರುಮಾಡಿ, ಹೋಳಿಗೆ ಬರುವಷ್ಟರಲ್ಲಿ ಇಡೀ ಪಂಕ್ತಿಯನ್ನು ಮಲಗಿಸಿರುತ್ತಾರೆ. ತಿಂಗಳಿಗೊಂದು ಶನಿವಾರ ಒಬ್ಬರೇ ನಾಲ್ಕು ಗಂಟೆ ದಕ್ಷಿಣಕ್ಕೆ ಕಾರು ಓಡಿಸಿ, ಜಾರ್ಜಿಯಾದ ಮರಳುಸೀಮೆಯೊಂದಕ್ಕೆ ಹೋಗಿ ಆಮೆಗಳನ್ನು ಮಾತಾಡಿಸಿಕೊಂಡು ಬರುತ್ತಾರೆ. ಆ ಜಾಗಕ್ಕೆ ಅವರಿಟ್ಟ ಹೆಸರು 'ನನ್ನ ಮರುಭೂಮಿ'.

ಕಳೆದ ಮೇ ತಿಂಗಳಲ್ಲಿ ಅವರ ಮಗಳು, ಅಂದರೆ ವಾಷಿಂಗ್ಟನ್ನಿನಲ್ಲಿರುವ ನಮ್ಮಕ್ಕ, ನನಗೆ ಫೋನು ಮಾಡಿದಳು. ನಾನಿರುವುದು ಹತ್ತಿರದ ಸ್ಟರ್ಲಿಂಗಿನಲ್ಲಿ. ಮೈಸೂರಿನ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಮನೆ ತುಂಬ ಜೋಡಿಸಿದವಳು, ದೇವರಿಂದ ಹಿಡಿದು ಜೀರಿಗೆ ಕಷಾಯದವರೆಗೆ ಯಾವುದನ್ನೂ ಪುರಾವೆಯಿಲ್ಲದೆ ಒಪ್ಪದವಳು ಎಂಬ ಖ್ಯಾತಿ ನನಗಿದೆ.

"ಲಿಸನ್, ಅಪ್ಪ ಲಾಸ್ಟ್ ಮಂತ್ ಆಮೆ ನೋಡೋಕೆ ಹೋಗಿ ಮನೆಗೆ ಆರು ಗಂಟೆ ಲೇಟಾಗಿ ಬಂದ್ರು. ಕೇಳಿದ್ರೆ ಸೀನಿಕ್ ರೂಟ್, ಚೆಂದದ ದಾರಿ ಸುತ್ಕೊಂಡು ಬಂದೆ ಅಂತಾರೆ! ನಂಗೆ ಭಯ ಆಗ್ತಿದೆ. ನೀನು ಡಿಬೇಟ್ ಚಾಂಪಿಯನ್ ಅಲ್ವಾ? ಗೋ ಡಿಬೇಟ್ ಹಿಮ್. ಕಾರ್ ಕೀ ತಗೊಂಡು ಬಾ."

ಮೂರು ಅಂಶಗಳ ವಾದ ಸಿದ್ಧಮಾಡಿಕೊಂಡು ಅಟ್ಲಾಂಟಾಕ್ಕೆ ಹಾರಿದೆ. ದೊಡ್ಡಪ್ಪ ಬಾಗಿಲಲ್ಲೇ ತಡೆದರು. "ನೋಡದೇ ವಾದ ಮಾಡೋದು ವಕೀಲರ ಕೆಲಸ. ನಾಳೆ ನನ್ನ ಜೊತೆ ಬಾ. ಸಂಜೆಯೊಳಗೆ ಒಪ್ಪಿಸಿದ್ರೆ ಕೀ ನಿಂದು. ಆಗ್ಲಿಲ್ವಾ, ನಿಮ್ಮಕ್ಕ ಇನ್ನು ಈ ವಿಷಯ ಎತ್ತೋ ಹಾಗಿಲ್ಲ."

ಮರುದಿನ ಅವರ ಹಳೆಯ ಕಾರಿನಲ್ಲಿ ಹೊರಟೆವು. ಹಟ ಹಿಡಿದು ಅವರೇ ಓಡಿಸಿದರು. ನಾನು ದಾರಿಯಲ್ಲೇ ಬುಡಕ್ಕೆ ಕೈ ಹಾಕಿದೆ. "ದೊಡ್ಡಪ್ಪ, ಮರುಭೂಮಿ ಅಂದ್ರೆ ಮಳೆ ಇಲ್ಲದ ಜಾಗ. ಜಾರ್ಜಿಯಾದಲ್ಲಿ ಮಳೆಗೇನು ಬರವಾ? ನಿಮ್ಮ ಮೊದಲನೇ ಪದವೇ ತಪ್ಪು!"

"ಬಂದ ಮಳೆಯೆಲ್ಲ ಮರಳಲ್ಲಿ ಇಳಿದುಹೋಗುತ್ತೆ ಕಣೇ. ಪಾಪಾಸುಕಳ್ಳಿ ಬಿಟ್ರೆ ಏನೂ ಸರಿಯಾಗಿ ಬೆಳೆಯಲ್ಲ. ಎಷ್ಟು ಮಳೆ ಬಂದ್ರೂ ಬಾಯಾರಿಕೆ ಹೋಗದ ಜಾಗಕ್ಕೆ ನೀನೇನಂತೀಯ?"

ಉತ್ತರ ಹುಡುಕುವಷ್ಟರಲ್ಲಿ ಕಾರು ಕಿರ್ರೆಂದು ನಿಂತಿತು! ಹಿಂದಿದ್ದ ಲಾರಿ ಹಾರ್ನು ಹೊಡೆಯುತ್ತಾ ಕೂದಲೆಳೆಯಲ್ಲಿ ಪಕ್ಕಕ್ಕೆ ಸರಿದುಹೋಯಿತು. ರಸ್ತೆ ನಡುವೆ ಬೋರಲು ಹಾಕಿದ ಬಾಣಲೆಯಂತೆ ಒಂದು ಆಮೆ. ಇನ್ನೊಂದು ವಾಹನ ಬರುವ ಮೊದಲು ಎತ್ತಬೇಕು. ನಾನೇ ಹಾರಿ ಇಳಿದು, ಎರಡೂ ಕೈಯಲ್ಲಿ ಅದನ್ನೆತ್ತಿಕೊಂಡು, ನೀರು ತುಂಬಿದ್ದ ರಸ್ತೆಬದಿಯ ಹಳ್ಳದತ್ತ ಓಡಿದೆ. ಮತ್ತೆಲ್ಲಿಗೆ ಓಡಲಿ? ನಾನು ಕಂಡ ಆಮೆಗಳೆಲ್ಲ ದೇವಸ್ಥಾನದ ಕಲ್ಯಾಣಿಯಲ್ಲಿ ಪುರಿ ತಿಂದುಕೊಂಡಿದ್ದವು. ದೇವರು ಆಮೆಯಾದದ್ದೂ ಸಮುದ್ರದಲ್ಲೇ.

"ಅಯ್ಯೋ ನಿಲ್ಲೇ! ಮುಳುಗಿ ಸಾಯ್ತಾರೆ! ನೆಲದ ಆಮೆ ಕಣೇ, ಈಜು ಬರಲ್ಲ ಅವರಿಗೆ!"

"ಆಮೆಗೆ ಈಜು ಬರಲ್ವಾ?"

"ನಿಂಗೆ ಬರುತ್ತಾ?"

ಬರುವುದಿಲ್ಲ. ಅವಮಾನ ನುಂಗಿಕೊಂಡು, ಅದು ಬಂದ ಬದಿಯ ಹುಲ್ಲಿನಲ್ಲೇ ಇಟ್ಟೆ. ಆ ಪ್ರಾಣಿ ನನ್ನನ್ನೊಮ್ಮೆ ನೋಡಿ, ಸಾವಕಾಶವಾಗಿ ತಿರುಗಿ, ಮತ್ತೆ ರಸ್ತೆಗೇ ಇಳಿಯಿತು! ದೊಡ್ಡಪ್ಪ ಈ ಸಲ ತಾವೇ ಎತ್ತಿ ಆಚೆ ಬದಿಗೆ ಬಿಟ್ಟರು. "ಹೊರಟ ದಿಕ್ಕಿಗೇ ಬಿಡಬೇಕು ಕಣೇ. ಎಲ್ಲಿಗೆ ಅಂತ ನಮಗೆ ಗೊತ್ತಿಲ್ಲ. ಅವರಿಗೆ ಗೊತ್ತು."

ಮರಳುಸೀಮೆ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಬಿಳಿ ಮರಳು, ದೂರ ದೂರಕ್ಕೊಂದು ಪೈನ್ ಮರ, ಅಲ್ಲಲ್ಲಿ ಬಿಲಗಳು. ದೊಡ್ಡಪ್ಪ ಒಂದು ಬಿಲದೆದುರು ಕೂತು ನೋಟ್‌ಬುಕ್ಕಿನಲ್ಲಿ ಏನೋ ಬರೆಯತೊಡಗಿದರು. ಹತ್ತು ಹೆಜ್ಜೆ ಆಚೆಗಿದ್ದ ಇನ್ನೊಂದು ಬಿಲದತ್ತ ನಾನು ಹೋದೆ. ಒಣಗಿದ ಗುಲ್‌ಮೊಹರ್ ಕಾಯಿ ಅಲ್ಲಾಡಿಸಿದಂಥ ಸದ್ದು. ಚಿಕ್ಕಂದಿನಲ್ಲಿ ನಾವೇ ಅಲ್ಲಾಡಿಸಿ ಆಡಿದ್ದೇವಲ್ಲ, ಅದೇ ಸದ್ದು. ಇಲ್ಲಿ ಗುಲ್‌ಮೊಹರ್ ಎಲ್ಲಿಂದ ಬಂತು ಎಂದು ಕೆಳಗೆ ನೋಡಿದೆ.

ನನ್ನ ಕಾಲಿನಿಂದ ಒಂದೂವರೆ ಮಾರು ದೂರದಲ್ಲಿ, ನನ್ನ ತೋಳಿನಷ್ಟು ದಪ್ಪದ ವಿಷದ ಗಿಲಕಿಹಾವು ಸುರುಳಿ ಸುತ್ತಿ ಕೂತು ಬಾಲ ಅಲ್ಲಾಡಿಸುತ್ತಿತ್ತು!

"ಕಾಲು ಆಡಿಸಬೇಡ." ದೊಡ್ಡಪ್ಪನ ದನಿ. ಆಪರೇಷನ್ ಟೇಬಲ್ ಮೇಲಿದ್ದವರಿಗೆ ಹತ್ತರಿಂದ ಹಿಂದಕ್ಕೆ ಎಣಿಸಿ ಎನ್ನುತ್ತಿದ್ದದ್ದೂ ಇದೇ ದನಿಯಲ್ಲಿರಬೇಕು. "ಬಾಯಿ ಬೇಕಾದ್ರೆ ಆಡಿಸು. ಹಾವಿಗೆ ಕಿವಿ ಇಲ್ಲ. ಏನೋ ವಾದ ತಂದಿದ್ಯಲ್ಲ, ಈಗ ಹೇಳು."

(ಹಾವಿಗೆ ಅಷ್ಟಿಷ್ಟು ಕೇಳಿಸುತ್ತದಂತೆ. ಆಮೇಲೆ ಹುಡುಕಿ ಓದಿದೆ. ಆಗಲೇ ಗೊತ್ತಿದ್ದರೆ ಅಲ್ಲೇ ನೆಟ್ಟಗಾಗುತ್ತಿದ್ದೆ!)

"ಒ... ಒಂದನೇ ಪಾಯಿಂಟು. ನಿಮಗೆ ಎಪ್ಪತ್ತೆಂಟು."

"ಒಪ್ಪಿದೆ. ಮುಂದೆ."

"ಎರಡು. ಇಲ್ಲಿ ಸಿಗ್ನಲ್ ಇಲ್ಲ."

"ಇಲ್ಲ. ಅದಕ್ಕೇ ಬರೋದು. ಮುಂದೆ."

ಬೆವರು ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳಲು ಧೈರ್ಯವಿಲ್ಲ. "ಮೂರು. ಒಬ್ರೇ ಇದ್ದಾಗ... ಹೀಗೇನಾದ್ರೂ ಆದ್ರೆ... ನಿಮ್ಮ ಪಕ್ಕದಲ್ಲಿ ಯಾರಿರ್ತಾರೆ?"

ದೊಡ್ಡಪ್ಪ ನೋಟ್‌ಬುಕ್ಕು ಮುಚ್ಚಿದರು. "ಇದು ಒಳ್ಳೇ ಪಾಯಿಂಟು ಕಣೇ."

ಸದ್ದು ನಿಂತಿತು. ಹಾವು ಸುರುಳಿ ಬಿಚ್ಚಿ, ಯಾವ ಸಂಕೋಚವೂ ಇಲ್ಲದೆ ಆಮೆಯ ಬಿಲದೊಳಗೆ ಇಳಿದುಹೋಯಿತು.

"ಅಲ್ಲಿ... ಆಮೆ ಇದೆಯಲ್ಲಾ?"

"ಹ್ಞೂಂ, ಅವರದೇ ಮನೆ. ಹಾವು, ಕಪ್ಪೆ, ಇಲಿ, ಯಾರು ಬಂದ್ರೂ ಜಾಗ ಕೊಡ್ತಾರೆ. ನಮ್ಮ ಸಂಘದೋರು ಇವರನ್ನ ನೋಡಿ ಕಲೀಬೇಕು." ಎಂದವರೇ ನನ್ನ ತಲೆ ಸವರಿದರು.

ಮರಳುವಾಗಲೂ ಅವರೇ ಓಡಿಸಿದರು. ಮೂರನೇ ಅಂಶ ಒಪ್ಪಿಸಿದಂತಾಯಿತೇ ಇಲ್ಲವೇ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ನಾಲ್ಕು ರಸ್ತೆ ಕೂಡುವಲ್ಲಿ ಕಾರು ನಿಂತಿತು. ನಿಂತೇ ಇತ್ತು. ರಸ್ತೆಯಲ್ಲಿ ಆಮೆಯಿಲ್ಲ. ನಾಲ್ಕೂ ಕಡೆ ಒಂದೇ ಥರದ ಪೈನ್ ಮರಗಳು. ಹಿಂದೆ ಮರದ ದಿಮ್ಮಿ ಹೊತ್ತ ಲಾರಿಯೊಂದು ಬಂದು ನಿಂತು ಹಾರ್ನು ಹೊಡೆಯಿತು.

"ದೊಡ್ಡಪ್ಪ? ಎಡಕ್ಕಾ?"

ಅವರು ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. "ಇಪ್ಪತ್ತು ವರ್ಷದಿಂದ ಬರ್ತಿದೀನಿ ಕಣೇ ಈ ದಾರೀಲಿ," ಎಂದರು ಮೆಲ್ಲಗೆ. ಲಾರಿ ಮತ್ತೆ ಕೂಗಿತು. "ಅವತ್ತು ಸೀನಿಕ್ ರೂಟ್ ಅಲ್ಲ. ನಿಮ್ಮಕ್ಕನಿಗೆ ಹೇಳ್ಲಿಲ್ಲ."

ಎಂಜಿನ್ ಆರಿಸಿ, ಕೀ ತೆಗೆದು ನನ್ನ ಅಂಗೈಗಿಟ್ಟರು. "ತಗೋ. ನಿನ್ನ ಹತ್ರ ಇಲ್ಲದ ನಾಲ್ಕನೇ ಪಾಯಿಂಟು ಇದು. ಗೆದ್ದೆ."

ಗೆದ್ದವರು ಎದುರಾಳಿಯ ಕೈ ಕುಲುಕಬೇಕೆಂಬ ನಿಯಮವಿದೆ. ನನಗೆ ಅದೂ ನೆನಪಾಗಲಿಲ್ಲ.

"ಮುಂದಿನ ತಿಂಗಳು ಯಾವ ಶನಿವಾರ, ದೊಡ್ಡಪ್ಪ?"

"ಯಾತಕ್ಕೆ?"

"ಮರುಭೂಮಿಗೆ. ಡ್ರೈವರ್ ಹಿಂದಿನ ದಿನದ ಫ್ಲೈಟ್ ಬುಕ್ ಮಾಡ್ಬೇಕಲ್ಲ."

ಅವರು ಸೀಟು ಬದಲಿಸಲೆಂದು ಬಾಗಿಲು ತೆಗೆದು ಇಳಿದರು. ಇಳಿದವರು ಕಾರಿನ ಮುಂದೆ, ರಸ್ತೆಯ ಮೇಲೆ, ಯಾವ ಕಡೆ ಹೋಗುವುದೆಂದು ತೋಚದೆ ನಿಂತುಬಿಟ್ಟರು. ನಾನೂ ಇಳಿದು, ಲಾರಿಯವನಿಗೆ ಕೈ ಅಡ್ಡ ಹಿಡಿದು ನಿಲ್ಲಲು ಸನ್ನೆ ಮಾಡಿ, ಹೋಗಿ ಅವರ ಮೊಣಕೈ ಹಿಡಿದೆ.

"ಬನ್ನಿ," ಎಂದೆ. "ನಿಧಾನ. ಅವಸರ ಏನಿಲ್ಲ."