ಬಾತುಕೋಳಿಗಳ ಗೃಹಪ್ರವೇಶ

ಇಪ್ಪತ್ತೊಂಬತ್ತು ವರ್ಷ ರೈಲು ಬಿಟ್ಟವನು ನಾನು. ನಗಬೇಡಿ, ನಿಜವಾದ ರೈಲೇ! ತೈವಾನಿನ ಯಿಲಾನ್ ಜಿಲ್ಲೆಯ ನಮ್ಮೂರಿನ ಪುಟ್ಟ ಸ್ಟೇಷನ್ನಿನಲ್ಲಿ ಟೋಪಿ ತೊಟ್ಟು, ಬಾವುಟ ಹಿಡಿದು, ತೈಪೆ ಕಡೆಯ ಗಾಡಿಗಳನ್ನು ಒಂದು ನಿಮಿಷ ಆಚೀಚೆ ಆಗದಂತೆ ಕಳಿಸಿಕೊಟ್ಟ ಸ್ಟೇಷನ್ ಮಾಸ್ಟರ್. ಇಂಥವನು ನಿವೃತ್ತನಾದ ಮೇಲೆ ಮೂರು ಬಾತುಕೋಳಿಗೆ ಒಂದು ಗೂಡು ಕಟ್ಟಲಾರನೇ?

"ಗೂಡಲ್ಲ ಕಣೇ, ಅರಮನೆ ಕಟ್ತೀನಿ!" ಎಂದೆ ಹೆಂಡತಿ ಮಿಂಗ್‌ಜುಗೆ.

"ಅರಮನೆ ಯಾಕ್ರೀ? ಹಿತ್ತಲಲ್ಲಿ ನಾಲ್ಕು ಕಂಬ ನೆಟ್ಟು ಮೇಲೊಂದು ತಗಡು ಹಾಕಿ. ಪಕ್ಕದಲ್ಲಿ ನನ್ನ ಬಟ್ಟೆ ಒಗೆಯೋ ಕೆಂಪು ಟಬ್ಬು ಇಟ್ಟರೆ ಆಯ್ತು."

"ಟಬ್ಬಾ! ನಮ್ಮನೆ ಬಾತುಕೋಳಿಗಳು ಟಬ್ಬಲ್ಲಿ ಸ್ನಾನ ಮಾಡ್ಬೇಕಾ? ಕೊಳ ತೋಡ್ತೀನಿ, ಕೊಳ! ಅದರ ಮೇಲೆ ಕಮಾನು ಸೇತುವೆ!"

"ಸೇತುವೆ ಯಾಕೆ? ಅವು ಈಜುತ್ತವಲ್ಲ?"

ಇಂಥ ಸಣ್ಣಪುಟ್ಟ ಆಕ್ಷೇಪಣೆಗೆಲ್ಲ ಹೆದರುವವರು ಮಹಾಕಾರ್ಯಕ್ಕೆ ಕೈ ಹಾಕಬಾರದು.

ಈ ಬಾತುಕೋಳಿಗಳ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಮಿಂಗ್‌ಜುಗೆ ಮಂಡಿ ಆಪರೇಷನ್ ಆಯಿತು. ಡಾಕ್ಟರು ದಿನಾ ನಡೆಯಿರಿ ಎಂದರು. ಅವಳು ನಡೆಯಲಿಲ್ಲ. ನಾನು ಬೈದೆ, ಗೋಗರೆದೆ, ಕೊನೆಗೆ ಸ್ಟೇಷನ್ನಿನ ಸೀಟಿ ತಂದು ಊದಿದೆ. ಊಹೂಂ! ಅಷ್ಟರಲ್ಲಿ ಅವಳು ಬಲ್ಬಿನ ಶಾಖದಲ್ಲಿಟ್ಟಿದ್ದ ಮೊಟ್ಟೆಗಳಿಂದ ಮೂರು ಮರಿ ಹೊರಬಂದವು. ಬಂದದ್ದೇ ತಡ, ಇವಳೇ ತಾಯಿ ಅಂದುಕೊಂಡು ಬೆನ್ನು ಹತ್ತಿದವು. ಅವು ಹಿಂದೆ ಬರುತ್ತವೆ ಅಂತ ಇವಳು ಮುಂದೆ ನಡೆದಳು. ಮೊದಲು ಅಡಿಗೆಮನೆಯಿಂದ ಹಿತ್ತಲಿಗೆ, ಆಮೇಲೆ ಹಿತ್ತಲಿಂದ ಗದ್ದೆಯ ಬದುವಿಗೆ. ಮೂರು ವಾರ ಆಗುವಷ್ಟರಲ್ಲಿ ಊರುಗೋಲು ಮೂಲೆ ಸೇರಿತು. ಗಂಡು ಬಾತಿಗೆ ಗೆಣಸು, ಹೆಣ್ಣುಗಳಿಗೆ ಎಳ್ಳುಂಡೆ ಮತ್ತು ಕಡಲೆಕಾಯಿ ಎಂದು ನಾಮಕರಣವೂ ಆಯಿತು.

ಇಂಥ ಹೊತ್ತಿನಲ್ಲೇ ಪಕ್ಕದ ಮನೆಯ ಆಹುವೊ ಗೋಡೆಯ ಮೇಲಿಂದ ತಲೆ ತೂರಿಸಿ ಕೇಳಿದ್ದು: "ತಂಗೀ, ತೂಕ ಎಷ್ಟು ಬಂತು?"

"ತೂಕ ಯಾಕಣ್ಣ? ಇವು ತಿನ್ನೋಕಲ್ಲ!"

"ತಿನ್ನೋ ಪದಾರ್ಥದ ಹೆಸರಿಟ್ಟು ತಿನ್ನೋಕಲ್ಲ ಅಂದ್ರೆ ಹೆಂಗಮ್ಮಾ?"

ಆವತ್ತು ಮಿಂಗ್‌ಜು ಊಟ ಮಾಡಲಿಲ್ಲ. "ನೋಡಿ, ಇವಕ್ಕೇನಾದ್ರೂ ಆದ್ರೆ ನಾನು ಯಾರ ಮುಖಾನೂ ನೋಡಲ್ಲ. ನಿಮ್ಮದು ಮೊದಲು!" ಎಂದಳು. ಆಹುವೊ ತೂಕ ಕೇಳಿದ್ದಕ್ಕೆ ನನ್ನ ಮುಖ ಯಾಕೆ ಮೊದಲು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸರಿ, ಅರಮನೆಗೆ ಅಳತೆ ತೆಗೆದುಕೊಂಡೆ. ಮೂರು ವಾರದ ಗೆಣಸನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ, ಎತ್ತರ ಇಷ್ಟು, ಅಗಲ ಇಷ್ಟು, ಕತ್ತು ಚಾಚಿದರೆ ಇಷ್ಟು ಎಂದು ಬರೆದುಕೊಂಡೆ. ಅದು ನೋಟ್‌ಬುಕ್ಕಿನ ಮೇಲೇ ತನ್ನ ಅಭಿಪ್ರಾಯ ಹಾಕಿ ಹೋಯಿತು. ಒರೆಸಿಕೊಂಡು ಬಾಗಿಲ ನಕ್ಷೆ ಬರೆದೆ. ಬಾಗಿಲು ಅಂದರೆ ತಮಾಷೆಯೇ? ನಮ್ಮ ಬಡಗಿಗಳ ಟೇಪಿನಲ್ಲಿ ಕೆಂಪು ಅಳತೆ ಶುಭ, ಕಪ್ಪು ಅಳತೆ ಅಶುಭ. ನನ್ನ ಬಾಗಿಲು ಪಕ್ಕಾ ಕೆಂಪಿಗೆ ಬಂತು.

"ಇನ್ನೊಂಚೂರು ಅಗಲ ಬಿಡಿ, ಬೆಳೆಯೋ ಮಕ್ಕಳು" ಎಂದಳು ಮಿಂಗ್‌ಜು.

"ಇನ್ನೊಂಚೂರು ಬಿಟ್ರೆ ಕಪ್ಪಿಗೆ ಬೀಳುತ್ತೆ ಕಣೇ! ಅಲ್ಲಿ ಏನು ಬರೆದಿದೆ ನೋಡು. ವಿಯೋಗ! ನಿನ್ನ ಮಕ್ಕಳಿಗೆ ವಿಯೋಗ ಬೇಕಾ?"

ಅವಳು ಬಾಯಿ ಮುಚ್ಚಿಕೊಂಡಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅದು ನನ್ನ ಮೊದಲ ಗೆಲುವು.

ಇನ್ನು ಕೆಲಸ ಶುರು ಮಾಡಬೇಕಲ್ಲ? ಪಂಚಾಂಗ ತೆಗೆದೆ. ನೋಡಿದರೆ ಚಾಂದ್ರಮಾನದ ಏಳನೇ ತಿಂಗಳು ಹತ್ತಿರ ಬಂದಿದೆ! ಪ್ರೇತಗಳು ಊರಿಗೆ ಬಂದು ತಿಂಗಳಿಡೀ ತಿರುಗಾಡುವ ಕಾಲ. ಆಗ ಯಾರಾದರೂ ನೆಲ ಅಗೆಯುತ್ತಾರೆಯೇ? ಕಾದೆ. ಅದು ಮುಗಿಯಿತು. ಗುದ್ದಲಿ ಪೂಜೆಗೆ ಒಳ್ಳೆಯ ದಿನ ಸಿಕ್ಕಿತು, ಆದರೆ ನಮ್ಮ ಹನ್ನೆರಡು ಪ್ರಾಣಿಗಳ ವರ್ಷಗಳ ಪೈಕಿ ಹುಂಜದ ವರ್ಷದಲ್ಲಿ ಹುಟ್ಟಿದವರಿಗೆ ಆಗದಂತೆ. ನಾನು ಹುಂಜದ ವರ್ಷದವನೇ! ಮತ್ತೆ ಕಾದೆ. ಕಂಬ ನೆಡುವುದಕ್ಕೆ ಒಂದು ದಿನ, ಛಾವಣಿಗೆ ಒಂದು ದಿನ, ಬಾಗಿಲು ಕೂರಿಸುವುದಕ್ಕೆ ಇನ್ನೊಂದು ದಿನ. ಒಂದು ಶುಭದಿನಕ್ಕೂ ಇನ್ನೊಂದಕ್ಕೂ ನಡುವೆ ಹತ್ತು ಹನ್ನೆರಡು ದಿನ ಪಂಚಾಂಗವನ್ನೇ ಮುಖಕ್ಕೆ ಹಿಡಿದು ಕೂತೆ. ಬಾತುಕೋಳಿಗಳ ಮುಖ ನೋಡಲು ಪುರುಸೊತ್ತೆಲ್ಲಿ!

ಅಂತೂ ಎದ್ದು ನಿಂತಿತು ಅರಮನೆ. ಹಸಿರು ಹೆಂಚಿನ ಛಾವಣಿ, ಎರಡು ಕಿಟಕಿ, ಒಳಗೆ ಹೊಸ ಹುಲ್ಲಿನ ಹಾಸಿಗೆ. ಎದುರಿಗೆ ಕೊಳ. ತೋಡುವಾಗ ಬೆನ್ನು ಹಿಡಿದುಕೊಂಡು ಮೂರು ದಿನ ಪ್ಲಾಸ್ಟರ್ ಅಂಟಿಸಿಕೊಂಡು ಓಡಾಡಿದ್ದು ಬೇರೆ ಮಾತು. ಕೊಳದ ಮೇಲೆ ಕೆಂಪು ಕಮಾನು ಸೇತುವೆ. ನೋಡಿದವರು ಯಾವುದೋ ದೊರೆಯ ಬೇಸಿಗೆ ಬಂಗಲೆ ಅನ್ನಬೇಕು!

ಉಳಿದದ್ದು ಗೃಹಪ್ರವೇಶ. ಪಂಚಾಂಗದಲ್ಲಿ ಬೆರಳಿಟ್ಟು ಹುಡುಕಿದೆ. ನವೆಂಬರ್ ಏಳು! ಹೊಸ ಮನೆ ಪ್ರವೇಶಕ್ಕೆ ಶುಭ, ಹುಂಜದವರಿಗೂ ಅಡ್ಡಿಯಿಲ್ಲ. ಆ ದಿನದ ಚೌಕದ ಮೇಲೆ ದಪ್ಪ ಕೆಂಪಕ್ಷರದಲ್ಲಿ ಇನ್ನೇನೋ ಅಚ್ಚಾಗಿತ್ತು. ಅದರ ಮೇಲೆ ನನ್ನ ಹೆಬ್ಬೆರಳಿತ್ತು. ಹೆಬ್ಬೆರಳು ಎತ್ತಿ ನೋಡುವ ಬುದ್ಧಿ ಆ ದೇವರು ನನಗೆ ಕೊಡಲಿಲ್ಲ.

ಮಿಂಗ್‌ಜುಗೆ ಹೇಳದೆ, ಅವಳಿಗೆ ಅಚ್ಚರಿಯಾಗಲಿ ಎಂದು ಬೀದಿಯವರ ಮೊಬೈಲ್ ಗುಂಪಿನಲ್ಲಿ ಸಂದೇಶ ಹಾಕಿದೆ: "ಏಳನೇ ತಾರೀಕು ಸಂಜೆ ಐದಕ್ಕೆ ಎಲ್ಲರೂ ನಮ್ಮ ಹಿತ್ತಲಿಗೆ ಬನ್ನಿ. ನಮ್ಮ ಮೂರು ಬಾತುಕೋಳಿಗಳ ಪಾಲಿಗೆ ಅದು ಮಹತ್ವದ ದಿನ. ಊಟ ಇಲ್ಲೇ."

ಹನ್ನೊಂದು ಜನ ಹೆಬ್ಬೆರಳು ತೋರಿಸಿದರು. ಆಹುವೊ ಬರೆದ: "ಮಾಸ್ಟರೇ, ಕೊನೆಗೂ ಬುದ್ಧಿ ಬಂತು! ಬಾಟಲಿ ನಂದು." ಹೊಸ ಮನೆಗೆ ಬಾಟಲಿ ಉಡುಗೊರೆ ತರುತ್ತಾನಲ್ಲ, ಎಷ್ಟು ಒಳ್ಳೆಯವನು ಅಂದುಕೊಂಡೆ.

ಏಳನೇ ತಾರೀಕು ಬಂತು. ನಾಲ್ಕು ಗಂಟೆಗೆ ಕೊಳಕ್ಕೆ ನಲ್ಲಿಯ ಪೈಪು ಬಿಟ್ಟು, ಗೂಡಿನ ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿದೆ. ನಾವಿಬ್ಬರೇ ಅಂದುಕೊಂಡಿದ್ದ ಮಿಂಗ್‌ಜು ಅಡಿಗೆಮನೆಯಲ್ಲಿ ಗೃಹಪ್ರವೇಶಕ್ಕೆ ಬಿಳಿ ಕೆಂಪು ಅಕ್ಕಿ ಉಂಡೆ ಬೇಯಿಸುತ್ತಿದ್ದಳು.

ಐದಕ್ಕೆ ಸರಿಯಾಗಿ ಮೊದಲ ಅತಿಥಿ ಬಂದಳು, ಹೂ ಮಾರುವ ಮುದುಕಿ. ಕೈಯಲ್ಲಿ ಹೂವಿಲ್ಲ! ಒಂದು ಚೀಲ ಬಲಿತ ಶುಂಠಿ. ಹಿಂದೆಯೇ ಇನ್ನೊಬ್ಬರು ಎಳ್ಳೆಣ್ಣೆ ತಂದರು. ಮತ್ತೊಬ್ಬರು ದೊಡ್ಡ ಮಣ್ಣಿನ ಗಡಿಗೆ ಮತ್ತು ಒಲೆ ಹೊತ್ತು ತಂದರು. ಎಲ್ಲರೂ ಹಿತ್ತಲಲ್ಲೇ ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ ಹಿಂದಿನ ಜಗುಲಿಯಲ್ಲಿ ಸಾಲಾಗಿ ಕೂತರು. ಆಹುವೊ ಅಕ್ಕಿಯ ಹೆಂಡದ ಮೂರು ಬಾಟಲಿ ಹಿಡಿದು ಬಂದ. ಅವನ ಹೆಂಡತಿ ಸೊಂಟದಲ್ಲಿ ಬಟ್ಟೆ ಸುತ್ತಿದ ಕತ್ತಿ ಸಿಕ್ಕಿಸಿಕೊಂಡು ಬಂದಳು. ಕತ್ತಿ ಯಾಕೆ? ರಿಬ್ಬನ್ ಕತ್ತರಿಸಲು ಕತ್ತರಿ ಸಾಲದೇ?

ಅರಮನೆ ನೋಡಿ ಅವಳ ಕಣ್ಣು ತುಂಬಿ ಬಂತು. "ಏನು ಕಟ್ಟಿದೀರಿ ಮಾಸ್ಟರೇ! ಸಾಯೋ ಮುಂಚೆ ಇಷ್ಟು ಸುಖ ಕೊಡೋರು ಯಾರಿದ್ದಾರೆ ಹೇಳಿ!"

ಸಾಯೋ ಮುಂಚೆ? ಯಾರು ಸಾಯೋ ಮುಂಚೆ? ಅಷ್ಟರಲ್ಲಿ ಮಿಂಗ್‌ಜು ಸೌಟು ಹಿಡಿದು ಹೊರಗೆ ಬಂದಳು. ಶುಂಠಿ ನೋಡಿದಳು. ಗಡಿಗೆ ನೋಡಿದಳು. ಕತ್ತಿ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು.

"ಏನ್ರೀ ಇದು?"

"ಗೃಹಪ್ರವೇಶಕ್ಕೆ... ನಾಲ್ಕು ಜನ ಇರ್ಲಿ ಅಂತ..."

"ಇವತ್ತು ಯಾವ ದಿನ ಗೊತ್ತಾ?"

"ಹೊಸ ಮನೆ ಪ್ರವೇಶಕ್ಕೆ ಶುಭ ದಿನ!"

"ಚಳಿಗಾಲ ಕಾಲಿಡೋ ದಿನ ಕಣ್ರೀ!"

ಭೂಮಿ ಬಾಯಿ ಬಿಡಬಾರದೇ? ಚಳಿಗಾಲ ಕಾಲಿಡುವ ದಿನ ಇಡೀ ತೈವಾನಿನಲ್ಲಿ ಯಾರ ಮನೆಯಲ್ಲಾದರೂ ಮೈ ಬೆಚ್ಚಗಾಗಲಿ ಎಂದು ಗಡಿಗೆ ಏರಿತೆಂದರೆ ಅದರಲ್ಲಿ ಬಲಿತ ಶುಂಠಿ, ಎಳ್ಳೆಣ್ಣೆ, ಅಕ್ಕಿಯ ಹೆಂಡ ಮತ್ತು ಒಂದು ಕೊಬ್ಬಿದ ಕೆಂಪು ಮುಖದ ಗಂಡು ಬಾತು ಇರಲೇಬೇಕು. ಅಂಥ ದಿನಕ್ಕೇ ನಾನು ಊರನ್ನೆಲ್ಲ ಕರೆದು, "ನಮ್ಮ ಬಾತುಕೋಳಿಗಳ ಪಾಲಿಗೆ ಮಹತ್ವದ ದಿನ" ಎಂದು ಬರೆದಿದ್ದೆ!

ಆಹುವೊನ ಹೆಂಡತಿ ಕತ್ತಿಯ ಬಟ್ಟೆ ಬಿಚ್ಚುತ್ತ ಕೇಳಿದಳು: "ಮೊದಲು ಯಾವುದು?"

ಮಿಂಗ್‌ಜು ಓಡಿದಳು. ಮಂಡಿ ಆಪರೇಷನ್ ಆದವಳು ಅಷ್ಟು ಜೋರಾಗಿ ಓಡಿದ್ದನ್ನು ಡಾಕ್ಟರು ನೋಡಬೇಕಿತ್ತು! ಮೂರು ಬಾತುಗಳ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟಳು. ಅವಳ ಹಿಂದಿನಿಂದ ಗೆಣಸು ಕತ್ತು ಉದ್ದ ಮಾಡಿ "ಹುಸ್ಸ್!" ಎಂದಿತು.

"ಯಾರೂ ಹತ್ತಿರ ಬರ್ಬೇಡಿ! ನನ್ನನ್ನ ನಡೆಸಿದ್ದು ಇವು. ಡಾಕ್ಟರೂ ಅಲ್ಲ, ಈ ಮನುಷ್ಯನ ಸೀಟಿಯೂ ಅಲ್ಲ. ಇವು ಹಿಂದೆ ಬಂದ್ವು ಅಂತ ನಾನು ಹೆಜ್ಜೆ ಇಟ್ಟೆ. ಇವನ್ನ ಗಡಿಗೆಗೆ ಹಾಕೋ ಹಾಗಿದ್ರೆ ಮೊದಲು ನನ್ನನ್ನ ಹಾಕಿ!"

ಹೂ ಮಾರುವ ಮುದುಕಿ ಶುಂಠಿಯ ಚೀಲವನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ನನಗೆ ನಿಜವಾಗಿ ನಾಚಿಕೆಯಾಯಿತು. ರೈಲು ತಡವಾದಾಗಲೂ ನಾನು ಎಂದೂ ತಪ್ಪು ನನ್ನದು ಎಂದವನಲ್ಲ, ಮಳೆಯ ಮೇಲೆ ಹಾಕುತ್ತಿದ್ದೆ. ಆವತ್ತು ಜಗುಲಿಯಿಂದ ಇಳಿದು ಹೋಗಿ ಅವಳ ಪಕ್ಕದಲ್ಲಿ ನಿಂತೆ.

"ತಪ್ಪು ನಂದೇ. ಕರೆದದ್ದು ಬಾತುಕೋಳಿ ಊಟಕ್ಕಲ್ಲ, ಬಾತುಕೋಳಿಗಳ ಮನೆ ಒಕ್ಕಲಿಗೆ. ದಿನ ನೋಡೋವಾಗ ನನ್ನ ಹೆಬ್ಬೆರಳು ಅಡ್ಡ ಬಂತು. ದಯವಿಟ್ಟು ಕತ್ತಿ ಒಳಗಿಡಿ ಅತ್ತಿಗೆ."

ಆಹುವೊ ಬಾಟಲಿ ನೋಡಿದ, ಬಾತು ನೋಡಿದ, ನಿಟ್ಟುಸಿರು ಬಿಟ್ಟ.

"ಹೋಗ್ಲಿ ಬಿಡಿ. ಮೂರು ತಿಂಗಳು ಕಟ್ಟಿದ ಮನೆ. ಅವು ಒಳಗೆ ಹೋಗೋದನ್ನಾದ್ರೂ ನೋಡೋಣ!"

ನನ್ನ ಮಾನ ಉಳಿಸಿದ ಪುಣ್ಯಾತ್ಮ! ನಾನು ರಿಬ್ಬನ್ ಕತ್ತರಿಸಿ, ಸೀಟಿ ಊದಿ, "ಬಾ ಗೆಣಸು!" ಎಂದೆ. ಗೆಣಸು ಗಂಭೀರವಾಗಿ ಸೇತುವೆ ಹತ್ತಿತು, ಇಳಿಯಿತು, ಬಾಗಿಲಿಗೆ ಬಂತು. ತಲೆ ಹೋಯಿತು. ಕತ್ತು ಹೋಯಿತು. ಅಲ್ಲಿಗೆ ಗಾಡಿ ನಿಂತಿತು. ಎದೆ ಹೋಗಲಿಲ್ಲ!

ಹಿಂದಿನಿಂದ ತಳ್ಳಿದೆ. ರೆಕ್ಕೆಯಲ್ಲಿ ನನ್ನ ಕೆನ್ನೆಗೆ ಬಾರಿಸಿತು.

"ರೀ, ಅಳತೆ ಯಾವಾಗ ತಗೊಂಡಿದ್ರಿ?" ಎಂದಳು ಮಿಂಗ್‌ಜು.

"ಮೂರು... ಮೂರು ವಾರದ್ದಿದ್ದಾಗ."

"ಈಗ ಅದಕ್ಕೆಷ್ಟು?"

ನಾಲ್ಕು ತಿಂಗಳು ಹತ್ತಿರ. ಪ್ರೇತಗಳು ಬಂದು ಹೋಗಿ, ಹುಂಜಕ್ಕೆ ಆಗದ ದಿನಗಳು ಕಳೆದು, ಶುಭ ಮುಹೂರ್ತಗಳು ಒಂದೊಂದಾಗಿ ಕೂಡಿಬರುವಷ್ಟರಲ್ಲಿ ನನ್ನ ಅಂಗೈಯಷ್ಟಿದ್ದ ಗೆಣಸು ಅಕ್ಕಿ ಮೂಟೆಯಾಗಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ನಾನು ಎರಡನ್ನೂ ಒಂದೇ ದಿನ ಮಾಡಿ ಮುಗಿಸಿದ್ದೆ!

"ಅಗಲ ಮಾಡೋಣ ಅಂದ್ರೆ ಕಪ್ಪಿಗೆ ಬೀಳುತ್ತೆ, ಅಲ್ವೇನ್ರೀ?" ಎಂದಳು ಮಹಾತಾಯಿ, ಎಲ್ಲರಿಗೂ ಕೇಳುವ ಹಾಗೆ.

ಆಗ ಹೂ ಮಾರುವ ಮುದುಕಿ ಕಿರುಚಿದಳು: "ಅಯ್ಯೋ, ನನ್ನ ಚಪ್ಪಲಿ!"

ತಿರುಗಿ ನೋಡಿದರೆ ಕೊಳ ತುಂಬಿ, ದಂಡೆ ಮೀರಿ, ಹಿತ್ತಲೆಲ್ಲ ನೀರು. ನಾಲ್ಕು ಗಂಟೆಗೆ ಬಿಟ್ಟ ನಲ್ಲಿಯನ್ನು ನಿಲ್ಲಿಸಿದವರು ಯಾರು? ಹನ್ನೊಂದು ಜೊತೆ ಚಪ್ಪಲಿ ಮೆರವಣಿಗೆ ಹೊರಟಿತ್ತು. ಎಳ್ಳುಂಡೆ, ಕಡಲೆಕಾಯಿ ಅವುಗಳ ನಡುವೆ ಸಂಭ್ರಮದಿಂದ ಈಜುತ್ತಿದ್ದವು. ಗೆಣಸು ಬಾಗಿಲಿಂದ ಕತ್ತು ಕಿತ್ತುಕೊಂಡು, ನನ್ನ ಕೊಳದ ಕಡೆ ತಿರುಗಿಯೂ ನೋಡದೆ, ಹಿತ್ತಲಿನ ನೀರಿಗೆ ಧುಮುಕಿತು. ನಾನು ಪ್ಯಾಂಟು ಮಡಚಿಕೊಂಡು ಚಪ್ಪಲಿ ಹಿಡಿಯಲು ಹೊರಟೆ. ಎರಡನೇ ಜೊತೆ ಹಿಡಿಯುವಷ್ಟರಲ್ಲಿ ಜಾರಿ ಬಿದ್ದೆ.

ಜಗುಲಿಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಿಂಗ್‌ಜು. ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕಳು. ನೀರಿನಲ್ಲಿ ಕೂತೇ ಅದನ್ನು ನೋಡಿ ನನಗೂ ಸಮಾಧಾನವಾಯಿತು.

ಆಮೇಲೆ ಗಡಿಗೆ ಒಲೆಗೆ ಏರಿತು. ಆಹುವೊನ ಹೆಂಡತಿಯ ಕತ್ತಿ ಎಲೆಕೋಸಿನ ಮೇಲೆ, ಅಣಬೆಯ ಮೇಲೆ ಆಡಿತು. ಶುಂಠಿ, ಎಳ್ಳೆಣ್ಣೆ, ಹೆಂಡ ಎಲ್ಲ ಬಿತ್ತು. ಬಾತುಕೋಳಿ ಒಂದು ಬಿಟ್ಟು ಬೇರೆಲ್ಲ ಇದ್ದ ಬಾತುಕೋಳಿ ಸಾರು! ಮೇಲೆ ಮಿಂಗ್‌ಜುವಿನ ಅಕ್ಕಿ ಉಂಡೆ. ಆಹುವೊ ಮೂರು ಬಟ್ಟಲು ಕುಡಿದು, "ಏನೋ ಒಂದು ಕಮ್ಮಿ ಅನಿಸ್ತಿದೆ" ಎಂದ. ಗೆಣಸು ಅವನ ಬೆನ್ನ ಹಿಂದೆ ಬಂದು "ಹುಸ್ಸ್" ಎಂದಿತು. ಅವನು ತಡಮಾಡದೆ ನಾಲ್ಕನೇ ಬಟ್ಟಲಿಗೆ ಕೈ ಹಾಕಿದ.

ಮರುದಿನ ಬೆಳಿಗ್ಗೆ ಮಿಂಗ್‌ಜು, ಆಹುವೊ ಸೇರಿ ನಾಲ್ಕು ಕಂಬ ನೆಟ್ಟು, ಮೇಲೊಂದು ತಗಡು ಹಾಕಿ, ಕೆಳಗೆ ಕೆಂಪು ಟಬ್ಬು ಇಟ್ಟರು. ಮುಕ್ಕಾಲು ಗಂಟೆ ಹಿಡಿಯಿತು. ಪಂಚಾಂಗ ಯಾರೂ ತೆಗೆಯಲಿಲ್ಲ. ಮೂರೂ ಬಾತುಗಳು ಟಬ್ಬಿನೊಳಗೆ ಒತ್ತರಿಸಿಕೊಂಡು ಕೂತು ಕಣ್ಣು ಮುಚ್ಚಿದವು.

ನಾನು ಸೇತುವೆಯ ಮೇಲೆ ಕೂತು ಹಿಂದಿನ ಸಂಜೆಯ ಉಂಡೆಗಳಲ್ಲಿ ಉಳಿದದ್ದನ್ನು ಮುಗಿಸುತ್ತಿದ್ದೆ. ಕೆಲಸ ಮುಗಿಸಿ ಮನೆಗೆ ಹೋಗಿದ್ದ ಆಹುವೊನ ತಲೆ ಗೋಡೆಯ ಮೇಲಿಂದ ಎದ್ದಿತು.

"ತಂಗೀ, ತೂಕ ಎಷ್ಟು ಬಂತು?"

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಶುರು ಮಾಡಿದ್ಯಾ! ನೂರು ಸಲ ಹೇಳ್ಬೇಕಾ ನಿನಗೆ? ಗೆಣಸು ತಿನ್ನೋಕಲ್ಲ!"

"ಗೆಣಸನ್ನ ಯಾರು ಕೇಳಿದ್ರು ಮಾಸ್ಟರೇ?" ಎಂದು ಅವನು ನನ್ನ ಹೊಟ್ಟೆಯನ್ನೇ ನೋಡಿದ.

ಬಾತುಗಳಿಗೆ ಸೊಪ್ಪು ಹೆಚ್ಚುತ್ತಿದ್ದ ಮಿಂಗ್‌ಜು ತಲೆ ಎತ್ತದೆ ಹೇಳಿದಳು:

"ಇನ್ನೂ ತೂಗಿಲ್ಲ ಅಣ್ಣ. ಮುಂದಿನ ಚಳಿಗಾಲಕ್ಕೆ ಒಳ್ಳೆ ದಿನ ನೋಡಿ ಹೇಳಿ ಕಳಿಸ್ತೀನಿ. ಶುಂಠಿ ಮಾತ್ರ ಜಾಸ್ತಿ ತನ್ನಿ, ಈ ಗಂಡು ಬಲಿತದ್ದು!"